ನಾನು ಲೋಕಲ್ ಅಂತೆ

ಅಕ್ಕನಿಗೆ ಬೆಂಗಳೂರಿನಿಂದ ತಂಗಿಯ ನಮಸ್ಕಾರ.

ಇಲ್ಲಿ ನಮ್ಮ ಶೆಡ್ಡುಗಳ ಹತ್ತಿರ ವಲಸೆ ಬಂದವರಿಗೆಂದು ಒಂದು ಸಹಾಯ ಕೇಂದ್ರ ಇದೆ. ಪಕ್ಕದ ಶೆಡ್ಡಿನ ಒರಿಸ್ಸಾದ ಹೆಂಗಸಿನ ಗಂಡ ಹೋದ ವಾರ ತೀರಿಕೊಂಡ. ಅವತ್ತಿನಿಂದ ಕೇಂದ್ರದ ಹುಡುಗಿಯೊಬ್ಬಳು ದಿನಾ ಅವಳ ಕೈ ಹಿಡಿದು ಕೂತು, ಅವಳ ಭಾಷೆಯಲ್ಲೇ ಗಂಡನ ವಿಷಯ ಕೇಳುತ್ತಾಳೆ. ಏಳು ತಿಂಗಳ ಹಿಂದೆ ನಮ್ಮ ಯಜಮಾನರು ಇದೇ ಶೆಡ್ಡಿನಲ್ಲಿ ಹೋದಾಗ ನನ್ನನ್ನು ಯಾರು ಕೇಳಿದರು? ಹೊಟ್ಟೆ ಉರಿಯಿತು ಅಕ್ಕಾ. ಭಾನುವಾರ ನಾನೂ ಕೇಂದ್ರಕ್ಕೆ ಹೋಗಿ ಅಲ್ಲಿಗೆ ಬಂದಿದ್ದ ಹೆಂಗಸರ ಸಾಲಿನಲ್ಲಿ ಕೂತೆ.

ಹುಡುಗಿ ಹಿಂದಿಯಲ್ಲಿ ಏನೋ ಕೇಳಿದಳು. ರಾಜ್ಯ ಅನ್ನುವುದೊಂದು ತಿಳಿಯಿತು.

"ನಮ್ಮೂರು ಅದಿನಾರು ಕಣವ್ವ, ನಂಜನಗೂಡು ತಾಲ್ಲೂಕು" ಅಂದೆ.

ಅವಳು ನಕ್ಕುಬಿಟ್ಟಳು. "ಅಯ್ಯೋ, ನೀವು ಲೋಕಲ್ ಅಲ್ವಾ ಅಮ್ಮಾ! ಇದು ಹೊರಗಿಂದ ಬಂದೋರಿಗೆ."

"ಈ ಊರಲ್ಲಿ ನಂಗೆ ಯಾರವ್ವಾ ಅವ್ರೆ?" ಅನ್ನಬೇಕಿತ್ತು. ಎದ್ದು ಬಂದೆ.

ಕಾಲಿನ ಊತ ಇಳಿದಿದೆ, ಗಾಬರಿಯಾಗಬೇಡ. ಯಾರಾದರೂ ಈ ಕಡೆ ಬಂದರೆ ನನ್ನ ಕರಿ ಕಂಬಳಿ ಕೊಟ್ಟು ಕಳಿಸು.

ಬರುವ ಭಾನುವಾರ ಮತ್ತೆ ಹೋಗುತ್ತೇನೆ. ಬಾಯಿ ಬಿಟ್ಟಿದ್ದಕ್ಕೆ ತಾನೇ ಲೋಕಲ್ ಆಗಿದ್ದು? ಈ ಸಲ ತುಟಿ ಬಿಚ್ಚುವುದಿಲ್ಲ. ಅವಳು ಕೈ ಹಿಡಿದುಕೊಂಡರೆ ಸಾಕು, ಮಾತು ಬೇಡ.

ನಿನ್ನ ತಂಗಿ, ಚಿಕ್ಕತಾಯಿ