ಬಾಣಂತಿಯ ಕೊಬ್ಬರಿ

೯ ಸೆಪ್ಟೆಂಬರ್ ೨೦೨೫, ಮಂಗಳವಾರ

ಕೊಬ್ಬರಿಯ ರೇಟು ಕೇಳಿ ನರಸೀಪುರದ ಅಂಗಡಿಯವನ ಮೇಲೆ ರೇಗಿಬಿಟ್ಟೆ. "ನನ್ ಮೇಲೆ ಯಾಕವ್ವಾ ಕೂಗಾಡ್ತೀರಿ? ನಾನೇನ್ ತೆಂಗಿನ್ ಮರವಾ?" ಅಂದ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ.

ಮಗಳು ರಂಜಿನಿ ಬಾಣಂತನಕ್ಕೆ ಬಂದು ಒಂದೂವರೆ ತಿಂಗಳು. ಐದು ತಿಂಗಳು ಇಟ್ಟುಕೊಂಡು ಕಳಿಸುವುದು ತವರಿನ ಮರ್ಯಾದೆ. ಅವಳಿಗೆ ಕೊಬ್ಬರಿ, ತುಪ್ಪ, ಬೆಳ್ಳುಳ್ಳಿ, ಮೆಣಸು ತಂದರೆ ಮನೆಗೆ ಬೇಳೆ, ಎಣ್ಣೆ ಇಲ್ಲ. ಎಷ್ಟು ಸಲ ಲೆಕ್ಕ ಹಾಕಿದರೂ ಅಷ್ಟೇ. ಕೊನೆಗೆ ಬಾಣಂತಿ ಸಾಮಾನನ್ನೇ ತಂದೆ, ಅದೂ ಅರ್ಧರ್ಧ.

ರಾತ್ರಿ ನಾನೂ ಯಜಮಾನರೂ ಬೇಳೆಯಿಲ್ಲದ ಸೊಪ್ಪಿನ ನೀರಲ್ಲಿ ಮುದ್ದೆ ನುಂಗಿದೆವು. ಅವರು ತಟ್ಟೆ ನೋಡಿ, "ಇದೇನಮ್ಮಿ, ಮುದ್ದೆಗೆ ಸ್ನಾನ ಮಾಡ್ಸಿದ್ದೀಯಾ?" ಅಂದರು.

"ಉಣ್ಣಂಗಿದ್ರೆ ಉಣ್ಣಿ, ಇಲ್ದಿದ್ರೆ ಎದ್ದೋಗಿ!"

ನಾನು ಕಿರುಚಿದ್ದು ಕೋಣೆಯಲ್ಲಿದ್ದ ರಂಜಿನಿಗೆ ಕೇಳಿಸಿದೆ. ತುಪ್ಪದ ಅನ್ನವನ್ನು ಮುಟ್ಟದೆ ತಂದು ನನ್ನ ಮುಂದಿಟ್ಟಳು.

"ಅವ್ವಾ, ನಾಳೆ ತಾಂಡವಪುರಕ್ಕೆ ಓಯ್ತೀನಿ. ಅತ್ತೆ ಏನಾರ ಅಂದ್ರೆ ಅನ್ಲಿ."

ಆ ಅತ್ತೆ ಹಸಿ ಬಾಣಂತಿಯನ್ನೂ ಬೆಳಗಿನ ಜಾವಕ್ಕೇ ಕೊಟ್ಟಿಗೆ ಬಾಚಲು ಎಬ್ಬಿಸುವ ಹೆಂಗಸು. ನನಗೆ ಗೊತ್ತು. ಬೇಡ ಕಣವ್ವ, ಇಲ್ಲೇ ಇರು ಅನ್ನಬೇಕಿತ್ತು. ಮುಂದಿನ ವಾರ ಅವಳಿಗೆ ಏನು ಬಡಿಸುತ್ತೀಯ ಅಂತ ನನ್ನ ಮನಸ್ಸೇ ಕೇಳಿತು. ಎಂಜಲು ತಟ್ಟೆಗಳನ್ನು ಎತ್ತಿಕೊಂಡು ಎದ್ದೆ. ಅದನ್ನೇ ಒಪ್ಪಿಗೆ ಅಂದುಕೊಂಡಳು.

ಈಗ ಕೂಸಿನ ಬಟ್ಟೆ ಮಡಚುತ್ತಿದ್ದಾಳೆ. ಎದ್ದು ಹೋಗಿ ಕಿತ್ತುಕೊಳ್ಳಬೇಕು. ಕಾಲೇ ಬರುತ್ತಿಲ್ಲ, ಹಾಳಾದ್ದು.