ಆಯುಧ ಪೂಜೆಗೆ ಹೊಸ ಲ್ಯಾಪ್‌ಟಾಪ್

ಸೆಪ್ಟೆಂಬರ್ 14, ಭಾನುವಾರ

ಕಾಲೇಜಿನ ಹಿಸ್ಟರಿ ಪೇಪರ್‌ಗಳಲ್ಲಿ ಇನ್ನೂ ಅರ್ಧ ಗ್ರೇಡ್ ಮಾಡಬೇಕು. ಪ್ರಶ್ನೆ — ಎರಡನೇ ಮಹಾಯುದ್ಧ ನಲವತ್ತರ ದಶಕವನ್ನು ಹೇಗೆ ಬದಲಿಸಿತು? ಎಲ್ಲರದೂ ಒಂದೇ ರಾಗ. ರೇಡಾರ್ ಬಂತು, ಜೆಟ್ ಬಂತು, ರಾಕೆಟ್ ಬಂತು, ಕಂಪ್ಯೂಟರ್ ಬಂತು. ಯುದ್ಧವೇನು ಬೀಗರು ಕಳಿಸಿದ ಉಡುಗೊರೆ ತಟ್ಟೆಯೇ? ಸಾಮ್ರಾಜ್ಯಗಳು ಕುಸಿದದ್ದು, ಜಗತ್ತು ಎರಡು ಬಣವಾಗಿ ಬಾಂಬ್ ಹಿಡಿದು ಕೂತದ್ದು — ಒಂದು ಸಾಲು. ಬಂಗಾಳದಲ್ಲಿ ಅನ್ನವಿಲ್ಲದೆ ಸತ್ತ ಲಕ್ಷಾಂತರ ಜನ — ಅರ್ಧ ಸಾಲೂ ಇಲ್ಲ. ಒಬ್ಬಳಂತೂ ಬರೆದಿದ್ದಾಳೆ, ಬಾಂಬ್ ಮಾಡಿದ ವಿಜ್ಞಾನಿಗಳು ‘ಜಸ್ಟ್ ಡೂಯಿಂಗ್ ದೇರ್ ಜಾಬ್’ ಅಂತೆ! ಓದಿ ಕೂಗಾಡಿಬಿಟ್ಟೆ.

ಆಕರ್ಷ್ ಪಾತ್ರೆ ತೊಳೆಯುತ್ತಿದ್ದ. “ಹದಿನೆಂಟು ವರ್ಷದ ಮಕ್ಕಳು ಕಣೇ. ಬಿಡು.” ಮಾರ್ಚ್‌ನಲ್ಲಿ ಲೇಆಫ್ ಆದಾಗಿನಿಂದ ನನ್ನ ಗಂಡ ಎಲ್ಲದಕ್ಕೂ ‘ಬಿಡು’ ಅನ್ನುತ್ತಾನೆ.

ಸೆಪ್ಟೆಂಬರ್ 20, ಶನಿವಾರ

ಆಕರ್ಷ್‌ಗೆ ಕೆಲಸ ಸಿಕ್ಕಿತು!! ಇಮೇಜಿಂಗ್ ಕಂಪನಿ, ಕ್ಯಾಮೆರಾ ಸಾಫ್ಟ್‌ವೇರ್. ಗೊಂಬೆ ಕೂರಿಸುವ ಮೆಟ್ಟಿಲುಗಳನ್ನು ಬೇಸ್‌ಮೆಂಟ್‌ನಿಂದ ಹೊತ್ತು ತರುತ್ತಿದ್ದವನು ಅಲ್ಲೇ ಕೂತು ಈಮೇಲ್ ಓದಿದ. ನನಗೆ ಅಳುವೇ ಬಂತು. ಮಗಳು ಗಾರ್ಗಿಯ ಆಸ್ತಮಾ ಔಷಧಿಗೆ ಇನ್ನು ಮೇಲೆ ಇನ್ಶೂರೆನ್ಸ್ ಇದೆ. ನನ್ನಂಥ ಅಡ್ಜಂಕ್ಟ್, ಗುತ್ತಿಗೆ ಮೇಷ್ಟರಿಗೆ ಈ ಅಮೆರಿಕದಲ್ಲಿ ಅದೆಲ್ಲ ಯಾರು ಕೊಡುತ್ತಾರೆ? ರಾತ್ರಿಗೆ ಪಾಯಸ ಮಾಡಿದೆ.

ಸೆಪ್ಟೆಂಬರ್ 26, ಶುಕ್ರವಾರ

ಪಕ್ಕದೂರು ಹಿಕ್ಸ್‌ವಿಲ್‌ನಿಂದ ಗೆಳತಿ ತನುಶ್ರೀ ಕುಂಕುಮಕ್ಕೆ ಬಂದಿದ್ದಳು. ಗೊಂಬೆಗಳ ಫೋಟೊ ತೆಗೆಯುತ್ತಾ ಅಂದಳು, “ಕಂಗ್ರಾಟ್ಸ್ ಕಣೇ! ಡಿಫೆನ್ಸ್‌ನಲ್ಲಿ ಲೇಆಫ್ ಅನ್ನೋ ಭಯಾನೇ ಇಲ್ಲ. ಅಲ್ಲಿ ಸಿಟಿಜನ್‌ಗಳನ್ನ ಮಾತ್ರ ತಗೋತಾರೆ, ನೀವು ಆಗಿದ್ದು ಸಾರ್ಥಕ ಆಯ್ತು ನೋಡು. ಡ್ರೋನ್ ಟೀಮ್ ಅಂತಲ್ಲ? ನಮ್ಮನೆಯವ್ರು ಹೇಳಿದ್ರು.”

ಡ್ರೋನ್? ‘ಹೂಂ’ ಎಂದೆ. ತಾಂಬೂಲ ಕೊಟ್ಟು ಕಳಿಸಿದೆ. ಮೈಯೆಲ್ಲ ಉರಿದುಹೋಯಿತು. ಊರಿಗೆಲ್ಲ ಗೊತ್ತು, ಕಟ್ಟಿಕೊಂಡವಳಿಗೆ ಗೊತ್ತಿಲ್ಲ!

ಆಕರ್ಷ್ ಅಂಗಡಿಯಿಂದ ಬಂದ ಕೂಡಲೇ ಕೇಳಿದೆ.

“ಕ್ಯಾಮೆರಾನೇ ಕಣೇ. ಕೆಳಗೆ ಏನಿದೆ ಅಂತ ಗುರುತು ಹಿಡಿಯುತ್ತೆ. ಅಷ್ಟೇ.”

“ಗುರುತು ಹಿಡಿದಮೇಲೆ?”

“ಅದು ಬೇರೆ ಟೀಮ್.”

“ಆಗ ಬಾಂಬ್ ಮಾಡಿದವರೂ ಇದನ್ನೇ ಹೇಳಿದ್ರು ಕಣೋ! ನಾವು ಲೆಕ್ಕ ಮಾಡಿದ್ವಿ, ಬೀಳಿಸಿದವರು ಬೇರೆ ಅಂತ!”

“ಅದು ನಿನ್ನ ಸಿಲಬಸ್. ಇದು ನಮ್ಮ ಮನೆ.” ಆಮೇಲೆ ಮೆತ್ತಗೆ, “ಆರು ತಿಂಗಳು ಎಷ್ಟು ಕಡೆ ಅಪ್ಲೈ ಮಾಡಿದೆ, ನೀನೇ ನೋಡಿದೀಯ. ಬೇಡ ಅಂದುಬಿಡು, ನಾಳೆನೇ ಸೇರಲ್ಲ ಅಂತ ಬರೀತೀನಿ. ಗಾರ್ಗಿ ಇನ್‌ಹೇಲರ್ ನೀನು ನೋಡ್ಕೋ.”

ಬೇಡ ಅನ್ನಲಿಲ್ಲ. ನನ್ನ ಮೇಲೇ ನನಗೆ ಅಸಹ್ಯ.

ಸೆಪ್ಟೆಂಬರ್ 27

ಉಪ್ಪಿಟ್ಟು ಮಾಡಿಟ್ಟಿದ್ದ. ತಿಂದೆ. ಚೆನ್ನಾಗಿತ್ತು — ಅದಕ್ಕೂ ಸಿಟ್ಟು.

ಅಕ್ಟೋಬರ್ 1, ಬುಧವಾರ. ಆಯುಧ ಪೂಜೆ

ಬೆಳಗ್ಗೆಯೇ ಮೈಸೂರಿಂದ ಅತ್ತೆ ವಿಡಿಯೊ ಕಾಲ್. “ಹೊಸ ಕಂಪನಿಯವರು ಕಳಿಸಿರೋ ಲ್ಯಾಪ್‌ಟಾಪ್ ಇಡಮ್ಮ ಪೂಜೆಗೆ. ನಾಳೆ ವಿಜಯದಶಮಿ, ಸೇರ್ಕೊಳ್ಳೋಕೆ ಒಳ್ಳೇ ದಿನ.”

ಪ್ರತಿ ವರ್ಷ ಇಡುತ್ತೇವೆ. ಕಾರು, ಈಳಿಗೆಮಣೆ, ಸ್ಕ್ರೂಡ್ರೈವರ್, ಇವನ ಲ್ಯಾಪ್‌ಟಾಪ್, ನನ್ನ ಪೆನ್ನು. ಯಾರೂ ಯೋಚಿಸುವುದಿಲ್ಲ. ಗಾರ್ಗಿ ಎಲ್ಲದಕ್ಕೂ ಕುಂಕುಮ ಹಚ್ಚುತ್ತಾ ಬಂದು ಹೊಸ ಕಪ್ಪು ಲ್ಯಾಪ್‌ಟಾಪ್ ಮುಂದೆ ನಿಂತಳು. ಹತ್ತು ವರ್ಷದ ಹುಡುಗಿ, ನಮ್ಮ ಜಗಳವೆಲ್ಲ ಕೇಳಿಸಿಕೊಂಡಿದ್ದಾಳೆ.

“ಅಪ್ಪ, ಈಸ್ ದಿಸ್ ಒನ್ ಎ ರಿಯಲ್ ಆಯುಧ?”

ಆಕರ್ಷ್ ಹೂವು ಜೋಡಿಸುತ್ತಲೇ ಇದ್ದ. ಅತ್ತೆ ಫೋನಿನಿಂದಲೇ, “ಆರತಿ ಎತ್ತಮ್ಮ ತ್ರಿಪುರಾ, ಹೊತ್ತಾಯ್ತು.” ಎತ್ತಿದೆ. ಹೌದು, ಎತ್ತಿದೆ! ವರ್ಷಗಟ್ಟಲೆ ಕ್ಲಾಸಿನಲ್ಲಿ ಗಂಟಲು ಹರಿದುಕೊಂಡವಳು ಆ ಡಬ್ಬಕ್ಕೆ ಆರತಿ ಎತ್ತಿ, ಕಣ್ಣು ಮುಚ್ಚಿ ಕೈಮುಗಿದೆ.

“ಏನು ಬೇಡ್ಕೊಂಡೆ?” ಅತ್ತೆ ನಗುತ್ತಾ ಕೇಳಿದರು.

“ಇದರ ಗುರಿ ತಪ್ಪಲಿ ಅಂತ, ಅತ್ತೆ. ಪ್ರತಿ ಸಲವೂ ತಪ್ಪಲಿ ಅಂತ.”

ಅವರ ನಗು ನಿಂತಿತು. “ಬಿಡ್ತು ಅನ್ನು! ಹಬ್ಬದ ದಿನ...”

ಆಕರ್ಷ್ ತಲೆ ಎತ್ತಿದ. ಸಿಟ್ಟಿರಲಿಲ್ಲ ಮುಖದಲ್ಲಿ. “ತಪ್ಪಿದ್ರೆ ಪಕ್ಕದ ಮನೆ ಮೇಲೆ ಬೀಳುತ್ತೆ ಕಣೇ. ತಪ್ಪಬಾರದು ಅಂತಲೇ ನನ್ನನ್ನ ತಗೊಂಡಿರೋದು.”

ಗಾರ್ಗಿ ಅವನನ್ನು ನೋಡಿದಳು. ನನ್ನನ್ನು ನೋಡಿದಳು. “ಸೋ ಹೂ ಈಸ್ ರೈಟ್, ಅಮ್ಮ?”

ಕ್ಲಾಸಿನಲ್ಲಾದರೆ ಇದಕ್ಕೆ ಒಂದು ಗಂಟೆ ಮಾತಾಡುತ್ತೇನೆ. ಅವಳನ್ನು ಹತ್ತಿರ ಕೂರಿಸಿಕೊಂಡು ಶುರು ಮಾಡಿದೆ — ನೋಡು ಪುಟ್ಟಿ, ಅಪ್ಪ ಹೇಳಿದ್ದು ನಿಜ, ಅದಕ್ಕೇ ಅಮ್ಮನಿಗೆ ಇನ್ನೂ ಭಯ.