ಕಾಳಪ್ಪನವರ ಚಿಗರಿ ಓಡಿದ್ದು

ಸಂಡೂರು, ಭಾನುವಾರ

ಕಂಪ್ಲಿಯ ನನ್ನ ಅಜ್ಜಿಗೆ ಅಂಜಲಿಯ ನಮಸ್ಕಾರ.

ಇವತ್ತು ಮೊದಲನೇ ಸಲ ಬೇಟೆನಾಯಿಗಳ ಶೋ ನೋಡಿದೆ. ನಾ ಬಾಡಿಗಿ ಇರೋ ಮನಿ ಮಾಲಕರು ಕಾಳಪ್ಪನವರು ತಮ್ಮ ಮುಧೋಳ ನಾಯಿ ಚಿಗರೀನ ತಂದಿದ್ರು. ದನದ ಡಾಕ್ಟ್ರು ಅದರ ಹಲ್ಲು, ಬೆನ್ನು, ಕಾಲು ಮುಟ್ಟಿ ನೋಡಿ "ಓಡಿಸ್ರಿ" ಅಂದ್ರು. ಮಂದಿ ಗದ್ದಲಕ್ಕ ಚಿಗರಿ ಹೆದರಿ ಕುಂತೇಬಿಡ್ತು. ಎಪ್ಪತ್ತು ವರ್ಷದ ಕಾಳಪ್ಪನವರು ಧೋತ್ರ ಎತ್ತಿ ಕಟ್ಟಿ, "ಬಾರವ್ವಾ ನನ್ನ ಜೋಡಿ!" ಅಂತ ತಾವೇ ಓಡಿದ್ರು! ಚಿಗರಿ ಎದ್ದು, ಅವರನ್ನ ದಾಟಿ ಹೋಗಿ, ತಿರುಗಿ ಬಂದು ಅವರ ಎದೀಮ್ಯಾಲೆ ಕಾಲಿಟ್ಟು ನಿಂತಿತು. ಭಾಳ ಸೀಟಿ ಬಿದ್ವು. ಎರಡನೇ ಬಹುಮಾನ ಬಂತು. "ಮೊದಲನೇದು ನಿಮಗ ಕೊಡಬೇಕ್ರಿ" ಅಂತ ಡಾಕ್ಟ್ರು ಕಾಳಪ್ಪನವರಿಗೆ ಅಂದ್ರು.

ನನ್ನ ಕೆಮ್ಮು ಪೂರಾ ಹೋಗೇತಿ, ಚಿಂತಿ ಬ್ಯಾಡ. ಕಾಳಪ್ಪನವರು ಚಾ ಕುಡಿಯಾಕ ಹೋಗ್ಯಾರ, ಚಿಗರಿ ಹಗ್ಗ ನನ್ನ ಕೈಯಾಗ ಐತಿ. ಜಗ್ಗಾಕತ್ತೇತಿ, ಅಕ್ಷರ ಸೊಟ್ಟ ಆದ್ರ ಬೈಬ್ಯಾಡ.

ನಿನ್ನ ಅಂಜಲಿ